‘ಸೊನ್ನೆ ಚೆಕ್ ಮಾಡಿದ್ರಾ ಸರ್?’

ಪ್ರಶ್ನೆ: ನನಗೆ 51 ವರ್ಷ. ದಾವಣಗೆರೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ 24 ವರ್ಷದಿಂದ ಡಿಟಿಪಿ ಮಾಡುತ್ತಿದ್ದೇನೆ. ಪುಟ ಕಟ್ಟೋಕೆ ಪೇಜ್‌ಮೇಕರ್, ಕನ್ನಡ ಟೈಪ್ ಮಾಡೋಕೆ ನುಡಿ, ಚಿತ್ರಕ್ಕೆ ಸ್ವಲ್ಪ ಕೋರೆಲ್ ಡ್ರಾ, ಇಷ್ಟೇ ನನ್ನ ಪ್ರಪಂಚ. ಹೋದ ವರ್ಷ ನಮ್ಮ ಮಾಲೀಕರು 23 ವರ್ಷದ ಒಬ್ಬ ಹುಡುಗಿಯನ್ನು ಸೇರಿಸಿಕೊಂಡರು. ಅವಳದ್ದೆಲ್ಲ ಪುಟ ಕಟ್ಟೋ ಹೊಸ ಸಾಫ್ಟ್‌ವೇರ್ ಇನ್‌ಡಿಸೈನ್, ಯಾವ ಕಂಪ್ಯೂಟರಿನಲ್ಲೂ ಓದಬಹುದಾದ ಯೂನಿಕೋಡ್ ಕನ್ನಡ. ಈಗ ಮಾಲೀಕರು ‘ನೀವೂ ಅವಳ ಹತ್ತಿರ ಕೂತು ಕಲಿತುಬಿಡಿ’ ಅನ್ನುತ್ತಿದ್ದಾರೆ. ಅವಳ ಕನ್ನಡದಲ್ಲಿ ತಪ್ಪು ಜಾಸ್ತಿ, ಅದನ್ನು ತಿದ್ದುವವನು ನಾನೇ. ಅವಳ ಹತ್ತಿರ ನಾನು ಕಲಿಯೋದಾ ಅಂತ ಮನಸ್ಸು ಒಪ್ಪುತ್ತಿಲ್ಲ. ಕೇಳಿದರೆ ಇರೋ ಮರ್ಯಾದೆಯೂ ಹೋಗುತ್ತೆ, ಕೇಳದಿದ್ದರೆ ಕೆಲಸವೇ ಹೋಗುತ್ತೆ ಅನ್ನೋ ಭಯ. ಇಷ್ಟು ದಿನ ‘ಏನಮ್ಮಾ, ಬಾ ಇಲ್ಲಿ’ ಅಂತಿದ್ದೆ, ಈಗ ಅವಳನ್ನು ಏನಂತ ಕರೆಯಬೇಕು ಅನ್ನೋದೂ ತಿಳಿಯುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಿಮ್ಮನ್ನು ನೋಡಿ ನಕ್ಕಿದ್ದಲ್ಲ. ಇದೇ ಪತ್ರವನ್ನು ಹತ್ತು ವರ್ಷದ ಹಿಂದೆ ನಾನು ಬರೆಯಬೇಕಿತ್ತು. ಬರೆಯಲಿಲ್ಲ, ಅದರ ಬದಲು ಒಂದು ಸಾವಿರ ಪ್ರತಿ ತಪ್ಪಾಗಿ ಅಚ್ಚು ಹಾಕಿಸಿದೆ.

ಆ ಕಥೆ ಮೊದಲು ಹೇಳಿಬಿಡ್ತೀನಿ.

ಒಂದು ಸಹಕಾರ ಸಂಘದ ಐವತ್ತು ವರ್ಷದ ಸ್ಮರಣ ಸಂಚಿಕೆ. ನಾನು ಆಗ ಪುಟ ವಿನ್ಯಾಸದ ವಿಭಾಗಕ್ಕೆ ದೊಡ್ಡವನು. ನನ್ನ ಕೈಕೆಳಗೆ ನಿಮ್ಮಲ್ಲಿ ಇರುವಂಥದ್ದೇ ಒಬ್ಬ ಹುಡುಗಿ, ಹೊಸದಾಗಿ ಸೇರಿದವಳು. ಸಂಚಿಕೆಗೆ ಲೇಖನಗಳು ಹತ್ತು ಕಡೆಯಿಂದ ಬಂದಿದ್ದವು. ಕೆಲವು ನುಡಿಯಲ್ಲಿ, ಕೆಲವು ‘ಬರಹ’ ಅನ್ನೋ ಇನ್ನೊಂದು ಸಾಫ್ಟ್‌ವೇರಿನಲ್ಲಿ, ಕೆಲವು ಯಾರೋ ಇಮೇಲಿನಲ್ಲಿ ನೇರವಾಗಿ ಕುಟ್ಟಿದ ಯೂನಿಕೋಡಿನಲ್ಲಿ. ಎಲ್ಲವನ್ನೂ ಯೂನಿಕೋಡಿಗೆ ತಂದು ಪುಟ ಕಟ್ಟಿ ಆಗಿತ್ತು. ಕೊನೇ ದಿನ ಸಂಘದವರು ಫೋನ್ ಮಾಡಿ, ‘ಆಡಳಿತ ಮಂಡಲಿ ಅಂತ ಹಾಕಿದ್ದೀರಿ, ನಮ್ಮ ದಾಖಲೆಯಲ್ಲಿರೋದು ಮಂಡಳಿ, ದೊಡ್ಡ ಳ, ಎಲ್ಲಾ ಕಡೆ ಬದಲಾಯಿಸಿ’ ಅಂದರು. ಅದರಲ್ಲೇನು ಕಷ್ಟ? ಹುಡುಕು, ಬದಲಿಸು, ಒಂದೇ ಕ್ಲಿಕ್. ಇಷ್ಟು ಕಡೆ ಬದಲಾಯಿತು ಅಂತ ಪರದೆ ಮೇಲೆ ಲೆಕ್ಕವೂ ಬಂತು. ಮುಗೀತು ಅಂದುಕೊಂಡೆ.

ಆಗ ಆ ಹುಡುಗಿ ಪಕ್ಕದ ಟೇಬಲಿನಿಂದ, ‘ಸರ್, ಸೊನ್ನೆ ಚೆಕ್ ಮಾಡಿದ್ರಾ?’ ಅಂದಳು.

ನನಗೆ ಮೈಯೆಲ್ಲಾ ಉರೀತು. ನಾನು 1983ರಲ್ಲಿ ಮೈಸೂರಿನ ಒಂದು ಪುಟ್ಟ ಮುದ್ರಣಾಲಯದಲ್ಲಿ ಸೀಸದ ಅಚ್ಚುಮೊಳೆ ಜೋಡಿಸೋಕೆ ಕೂತವನು. ಅನುಸ್ವಾರ ಎಲ್ಲಿ ಬರಬೇಕು, ಎಲ್ಲಿ ಬರಬಾರದು ಅಂತ ಇವಳು ನನಗೆ ಹೇಳ್ತಾಳಾ? ‘ಸೊನ್ನೆ ಎಲ್ಲಿ ಹಾಕಬೇಕು ಅಂತ ನನಗೆ ಹೇಳಿಕೊಡ್ತೀಯೇನಮ್ಮಾ?’ ಅಂದೆ. ನಾಲ್ಕು ಜನ ನಕ್ಕರು. ಅವಳು ಸುಮ್ಮನಾದಳು.

ಅವಳು ಕೇಳಿದ್ದು ಅನುಸ್ವಾರದ ವಿಷಯ ಅಲ್ಲವೇ ಅಲ್ಲ. ಕನ್ನಡದ ಅಂಕಿ ಸೊನ್ನೆ, ಅದೇ ಒಂದು ಎರಡು ಮೂರರ ಹಿಂದಿನ ಸೊನ್ನೆ, ಮತ್ತು ಅನುಸ್ವಾರದ ಸೊನ್ನೆ, ಎರಡೂ ನೋಡೋಕೆ ಹೆಚ್ಚು ಕಡಿಮೆ ಒಂದೇ. ಕಂಪ್ಯೂಟರಿಗೆ ಮಾತ್ರ ಎರಡೂ ಬೇರೆ ಬೇರೆ ಅಕ್ಷರ, ಬೇರೆ ಬೇರೆ ನಂಬರು. ಯಾರೋ ಲೇಖಕರು ಅನುಸ್ವಾರದ ಜಾಗದಲ್ಲೆಲ್ಲ ಅಂಕಿ ಸೊನ್ನೆ ಒತ್ತಿ ಟೈಪ್ ಮಾಡಿದ್ದರು. ‘ಮಂಡಲಿ’ ಅಂತ ನಾನು ಹುಡುಕಿದರೆ, ಅವರು ಬರೆದ ‘ಮ೦ಡಲಿ’ ಸಿಗೋದಿಲ್ಲ. ಈ ವಾಕ್ಯದಲ್ಲಿರುವ ಎರಡು ಪದಗಳನ್ನೂ ಕಣ್ಣು ಕಿರಿದು ಮಾಡಿ ನೋಡಿ, ನಿಮಗೇನಾದರೂ ವ್ಯತ್ಯಾಸ ಕಂಡರೆ ನಿಮ್ಮ ಕಣ್ಣು ನನ್ನದಕ್ಕಿಂತ ಚೆನ್ನಾಗಿದೆ ಅಂತ ಅರ್ಥ. ಹಾಗಾಗಿ ಅಧ್ಯಕ್ಷರ ಲೇಖನದಲ್ಲಿ ‘ಮಂಡಳಿ’, ಕಾರ್ಯದರ್ಶಿಗಳ ವರದಿಯಲ್ಲಿ ‘ಮಂಡಲಿ’, ಎರಡೂ ಎದುರುಬದುರು ಪುಟದಲ್ಲಿ. ಬಿಡುಗಡೆ ದಿನ ವೇದಿಕೆ ಮೇಲೆ ಕೂತವರೊಬ್ಬರು ಅದನ್ನೇ ತೆರೆದು ನೋಡಿದರು. ಆಮೇಲೆ ತಪ್ಪು ಒಪ್ಪು ಚೀಟಿ ಅಚ್ಚು ಹಾಕಿ ಒಂದೊಂದೇ ಪ್ರತಿಗೆ ಅಂಟಿಸಿದ್ದಾಯಿತು. ಅಂಟಿಸೋಕೆ ನಾನೂ ಕೂತೆ.

ಆದರೆ ನಿಜವಾದ ನಷ್ಟ ಆ ಚೀಟಿ ಅಲ್ಲ. ಅವತ್ತಿನಿಂದ ಸುಮಾರು ಆರು ತಿಂಗಳು ಆ ಹುಡುಗಿ ನನಗೆ ಏನನ್ನೂ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ, ಅಷ್ಟೇ. ನನ್ನ ಪರದೆ ಮೇಲೆ ತಪ್ಪು ಕಂಡರೂ ನೋಡಿ ಮುಂದಕ್ಕೆ ಹೋಗುತ್ತಿದ್ದಳು. ಆ ಆರು ತಿಂಗಳಲ್ಲಿ ಇನ್ನೆಷ್ಟು ಮಂಡಲಿಗಳು ಅಚ್ಚಾಗಿ ಹೋದವೋ, ದೇವರೇ ಬಲ್ಲ. ಮರ್ಯಾದೆ ಹೋಗೋದು ಅಂದರೆ ಇದು. ಕೇಳಿದಾಗ ಹೋಗೋದಲ್ಲ. ಜೊತೆಯವರು ‘ಇವರಿಗೆ ಹೇಳಿ ಏನು ಪ್ರಯೋಜನ’ ಅಂತ ತೀರ್ಮಾನ ಮಾಡಿದಾಗ ಹೋಗೋದು, ಅದೂ ನಮಗೆ ಗೊತ್ತೇ ಆಗದ ಹಾಗೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ನೀವು ಆ ಹುಡುಗಿಯ ಹತ್ತಿರ ಈಗಾಗಲೇ ಏನಾದರೂ ಕೇಳಿರುತ್ತೀರಿ, ಅದು ನನಗೆ ಗ್ಯಾರಂಟಿ. ಹೇಗೆ ಕೇಳಿರುತ್ತೀರಿ ಅನ್ನೋದೂ ಊಹಿಸಬಲ್ಲೆ. ‘ಇದರಲ್ಲಿ ಅದೇನೋ ಸ್ಟೈಲ್ ಅಂತ ಇದೆಯಂತಲ್ಲ, ಅದರಿಂದ ಏನು ಉಪಯೋಗ?’ ಅಥವಾ ‘ಇದನ್ನೇ ಪೇಜ್‌ಮೇಕರಲ್ಲಿ ಎರಡು ನಿಮಿಷದಲ್ಲಿ ಮಾಡ್ತೀವಿ, ಇದರಲ್ಲಿ ಯಾಕಿಷ್ಟು?’ ಅಂತ. ನಾವು ಹಿರಿಯರು ಕೇಳೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಪ್ರಶ್ನೆಗಳೇ ಅಲ್ಲ ಸ್ವಾಮಿ, ಪರೀಕ್ಷೆ. ಎದುರಿಗಿರೋರಿಗೆ ಎಷ್ಟು ಗೊತ್ತು ಅಂತ ಅಳೆಯೋದು, ತಡವರಿಸಿದರೆ ಒಳಗೊಳಗೇ ಖುಷಿ ಪಡೋದು. ಆ ವಯಸ್ಸಿನವರಿಗೆ ಅದು ಚೆನ್ನಾಗಿ ಗೊತ್ತಾಗುತ್ತೆ. ಕಾಲೇಜು ಬಿಟ್ಟು ಬಂದು ಎರಡು ಮೂರು ವರ್ಷ ಆಗಿರುತ್ತೆ, ಪರೀಕ್ಷೆಯ ವಾಸನೆ ಇನ್ನೂ ಮೂಗಿನಲ್ಲೇ ಇರುತ್ತೆ.

ನಿಜವಾಗಿ ಗೊತ್ತಿಲ್ಲದವರ ಪ್ರಶ್ನೆ ಬೇರೆ ಥರ ಇರುತ್ತೆ. ಅದು ಚಿಕ್ಕದು. ಅದರಲ್ಲಿ ಒಂದು ಫೈಲ್ ತೆರೆದಿರುತ್ತೆ. ‘ನೋಡಿ, ನಾನು ಇಲ್ಲಿ ಪೇಸ್ಟ್ ಮಾಡಿದೆ, ಒತ್ತಕ್ಷರ ಎಲ್ಲಾ ಕೆಳಗೆ ಬರೋ ಬದಲು ಪಕ್ಕಕ್ಕೆ ಬಂದು ಕೂತಿದೆ, ಯಾಕೆ?’ ಅಂತ ಕೇಳಿ. ಅವಳು ಪ್ಯಾರಾಗ್ರಾಫ್ ಮೆನುಗೆ ಹೋಗಿ ‘ವರ್ಲ್ಡ್-ರೆಡಿ ಕಂಪೋಸರ್’ ಅಂತ ಒಂದು ಆಯ್ಕೆ ತೋರಿಸ್ತಾಳೆ. ಅದನ್ನು ಆರಿಸದಿದ್ದರೆ ಇನ್‌ಡಿಸೈನಿಗೆ ಕನ್ನಡದ ಒತ್ತು, ದೀರ್ಘ ಜೋಡಿಸೋಕೆ ಬರೋದಿಲ್ಲ. ಒಂದು ಪ್ರಶ್ನೆ, ಒಂದು ಉತ್ತರ, ಐದು ನಿಮಿಷ. ಇದರಲ್ಲಿ ಮರ್ಯಾದೆ ಹೋಗೋಕೆ ಜಾಗ ಎಲ್ಲಿದೆ? ‘ನನಗೆ ಇನ್‌ಡಿಸೈನ್ ಕಲಿಸಿಕೊಡು’ ಅಂತ ಕೇಳಿದಾಗ ಮಾತ್ರ ಕಷ್ಟ. ಅದು ನಿಮಗೂ ಭಾರ, ಅವಳಿಗೂ ಭಾರ. ಅಷ್ಟು ದೊಡ್ಡದನ್ನು ಯಾರೂ ಯಾರಿಗೂ ಕಲಿಸೋಕಾಗಲ್ಲ.

ಇನ್ನೊಂದು, ತುಂಬಾ ಮುಖ್ಯ. ಮೌಸ್ ನಿಮ್ಮ ಕೈಯಲ್ಲೇ ಇರಲಿ. ಈ ಮಕ್ಕಳಿಗೆ ತಾಳ್ಮೆ ಕಡಿಮೆ. ‘ಇರಿ ಸರ್, ನಾನೇ ಮಾಡ್ತೀನಿ’ ಅಂತ ಮೌಸ್ ಕಿತ್ಕೊಂಡು ಟಕ ಟಕ ಅಂತ ನಾಲ್ಕು ಮೆನು ತೆರೆದು ಮುಚ್ಚಿ, ‘ಆಯ್ತು ನೋಡಿ’ ಅಂತಾರೆ. ನಿಮ್ಮ ಕೆಲಸ ಆಯ್ತು, ಕಲಿತಿದ್ದು ಏನೂ ಇಲ್ಲ. ನಾಳೆ ಮತ್ತೆ ಅದನ್ನೇ ಕೇಳಬೇಕು. ಮೂರನೇ ಸಲ ಕೇಳೋಕೆ ನಾಚಿಕೆ ಆಗುತ್ತೆ, ಬಿಟ್ಟುಬಿಡ್ತೀರಿ. ‘ನೀವು ಬಾಯಲ್ಲಿ ಹೇಳಿ, ನಾನು ಮಾಡ್ತೀನಿ’ ಅನ್ನಿ. ನಿಧಾನ ಆಗುತ್ತೆ, ಆಗಲಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನಾನು ಎರಡು ರೂಲ್ಡ್ ನೋಟ್‌ಬುಕ್ ತುಂಬಿಸಿದ್ದೇನೆ. ಒಂದರಲ್ಲಿ ಇಡೀ ಪುಟಕ್ಕೆ ಒಂದೇ ಸಾಲು: ‘ಪೇಸ್ಟ್ ಆದ ಮೇಲೆ ಮೊದಲು ಕಂಪೋಸರ್ ನೋಡು.’ ಸಿಟ್ಟಲ್ಲಿ ಬರೆದದ್ದು, ನನ್ನ ಮೇಲೇ.

ಈ ನೋಟ್‌ಬುಕ್ ಬುದ್ಧಿ ನನ್ನದಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಮುದ್ರಣಾಲಯಕ್ಕೆ ಮೊದಲ ಕಂಪ್ಯೂಟರ್ ಬಂದಾಗ ನಮ್ಮಲ್ಲಿ ಇಬ್ಬರು ಹಿರಿಯ ಕಂಪೋಸಿಟರುಗಳು, ಅಂದರೆ ಮೊಳೆ ಜೋಡಿಸೋರು, ಇದ್ದರು. ಒಬ್ಬರು ಫೋರ್‌ಮನ್. ತಲೆಕೆಳಗಾದ ಮೊಳೆ ಸಾಲನ್ನು ಎಡದಿಂದ ಬಲಕ್ಕೆ ನೀರು ಕುಡಿದ ಹಾಗೆ ಓದೋರು, ಪ್ರೂಫ್ ತೆಗೆಯೋಕೆ ಮುಂಚೆಯೇ ತಪ್ಪು ಹಿಡಿಯೋರು. ಅವರು ಕಂಪ್ಯೂಟರ್ ಇದ್ದ ಕೋಣೆಗೇ ಕಾಲಿಡಲಿಲ್ಲ. ‘ಈ ಹುಡುಗರ ಹತ್ತಿರ ನಾನು ಅ ಆ ಇ ಈ ಕಲೀಬೇಕಾ?’ ಅಂದರು. ವರ್ಷದೊಳಗೆ ಬಿಟ್ಟು ಹೋದರು. ಇನ್ನೊಬ್ಬರು ಅವರಷ್ಟು ಜಾಣರೇನಲ್ಲ, 55 ದಾಟಿತ್ತು. ಮದುವೆ ಪತ್ರಿಕೆಯ ಬಾಕ್ಸಿನ ರಟ್ಟು ತೆಗೆದುಕೊಂಡು ಅದರ ಮೇಲೆ ಕೀಲಿಮಣೆ ಬರೆದುಕೊಂಡು ಮನೆಗೆ ಹೋಗಿ ರಾತ್ರಿ ಊಟ ಆದ ಮೇಲೆ ಅದರ ಮೇಲೆ ಬೆರಳು ಆಡಿಸೋರು. ಬೆಳಿಗ್ಗೆ ಬಂದು ನನ್ನ ಹತ್ತಿರ, ನಾನು ಅವರಿಗಿಂತ ಮೂವತ್ತು ವರ್ಷ ಚಿಕ್ಕವನು, ‘ಈ ಎಫ್ ಒತ್ತಿದರೆ ಒತ್ತಕ್ಷರ ಬರುತ್ತೆ ಅಂದ್ಯಲ್ಲ, ರಟ್ಟಿನ ಮೇಲೆ ಬರಲಿಲ್ಲ ಮಾರಾಯಾ’ ಅಂತ ನಗೋರು. ಅವರು ರಿಟೈರ್ ಆಗೋವರೆಗೂ ಪುಟ ಕಟ್ಟಿದರು. ಫೋರ್‌ಮನ್ನರ ಬಗ್ಗೆ ನನಗೆ ಈಗಲೂ ಗೌರವ ಜಾಸ್ತಿ. ಆದರೆ ಕೆಲಸ ಮಾಡಿದ್ದು ರಟ್ಟಿನವರು.

ಅಂದಹಾಗೆ ಆ ಎಫ್ ಕೀಲಿ ನಿಮಗೆ ಒಳ್ಳೇ ಸುದ್ದಿ. ನುಡಿಯ ಕೀಲಿಮಣೆಗೆ ಆಧಾರ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಈಗಿನ ನುಡಿಯಲ್ಲಿ ಅದೇ ವಿನ್ಯಾಸದಲ್ಲಿ ಯೂನಿಕೋಡನ್ನೂ ಟೈಪ್ ಮಾಡಬಹುದು. ನಿಮ್ಮ ಬೆರಳುಗಳು 24 ವರ್ಷ ಕಲಿತದ್ದನ್ನು ಒಂದಕ್ಷರವೂ ಮರೆಯಬೇಕಾಗಿಲ್ಲ. ಬದಲಾಗಿರೋದು ಕೀಲಿ ಒತ್ತಿದ ಮೇಲೆ ಒಳಗೆ ಏನು ಹೋಗಿ ಕೂರುತ್ತೆ ಅನ್ನೋದು. ಹಳೇ ನುಡಿ ಫಾಂಟಿನಲ್ಲಿ ನೀವು ‘ಕನ್ನಡ’ ಅಂತ ಬರೆದಾಗ ಕಂಪ್ಯೂಟರಿನ ಒಳಗೆ ಕನ್ನಡ ಇರಲೇ ಇಲ್ಲ. ಇಂಗ್ಲಿಷಿನ ಪಿ, ಬ್ರಿಟನ್ನಿನ ಪೌಂಡ್ ಗುರುತು, ಕ್ಯೂ, ನಡುವೆ ತಲೆ ಮೇಲೆ ಗೀಟು ಹೊತ್ತ ಎ, ಇವುಗಳಿಗೆ ಕನ್ನಡದ ವೇಷ ಹಾಕಿ ನಿಲ್ಲಿಸಿದ್ದರು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವೇಷ ಕಳಚಿ ಬೀಳೋದು, ಅದನ್ನು ನೀವೂ ಸಾವಿರ ಸಲ ನೋಡಿರ್ತೀರಿ. ಯೂನಿಕೋಡಿನಲ್ಲಿ ಕ ಅಂದರೆ ಕ. ಅದರ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡಕ್ಕೆ ಜಾಗ ಕೊಟ್ಟಿದ್ದರು. ಪೇಜ್‌ಮೇಕರಿಗೆ ಅದು ಕೊನೇವರೆಗೂ ಅರ್ಥ ಆಗಲಿಲ್ಲ. 2001ರಲ್ಲಿ ಬಂದ 7.0 ಆವೃತ್ತಿ ಆದ ಮೇಲೆ ಅದರ ಕಂಪನಿ ಅಡೋಬಿಯವರು ಅದನ್ನು ಮುಂದುವರಿಸಲೂ ಇಲ್ಲ. ನಾವು ಮಾತ್ರ ಅದನ್ನೇ ಅಪ್ಪಿಕೊಂಡು ಕೂತೆವು.

ಇಲ್ಲಿಂದಲೇ ನಿಮ್ಮ ಕೈಯಲ್ಲಿರೋ ಬಂಡವಾಳವೂ ಶುರುವಾಗುತ್ತೆ. ಈಗಿನ ಇನ್‌ಡಿಸೈನ್ ಪೇಜ್‌ಮೇಕರ್ ಫೈಲುಗಳನ್ನು ತೆರೆಯೋದಿಲ್ಲ. ನಿಮ್ಮ ಪ್ರೆಸ್ಸಿನ ಹಳೇ ಪುಸ್ತಕ, ಹಳೇ ಪಂಚಾಂಗ, ವರ್ಷ ವರ್ಷ ಮರುಮುದ್ರಣ ಆಗೋ ಶಾಲೆಯ ಡೈರಿ, ಎಲ್ಲಾ ಆ ಫೈಲುಗಳಲ್ಲೇ ಇರುತ್ತೆ ಅಲ್ವಾ? ಅವಳು ಅದನ್ನು ತೆರೆಯಲಾರಳು. ನೀವು ಆ ಮೂಲೆಯ ಹಳೇ ಕಂಪ್ಯೂಟರಿನಲ್ಲಿ ತೆರೀತೀರಿ. ಆ ಯಂತ್ರ ಸಾಯೋಕೆ ಮುಂಚೆ ಇಬ್ಬರೂ ಸೇರಿ ಅವನ್ನೆಲ್ಲ ಹೊರಗೆ ತೆಗೆಯೋ ಕೆಲಸ ಇಟ್ಟುಕೊಳ್ಳಿ. ಜೊತೆಯಲ್ಲಿ ಕಲಿಯೋಕೆ ಇದಕ್ಕಿಂತ ಒಳ್ಳೇ ನೆಪ ಸಿಗಲ್ಲ. ನೀವು ಫೈಲ್ ತೆರೆದು ಪಠ್ಯ ಹೊರಗೆ ತೆಗೆಯಿರಿ, ಅವಳು ಯೂನಿಕೋಡಿಗೆ ಪರಿವರ್ತಿಸಲಿ. ಆಗ ನೋಡಿ ಮಜಾ. ಕನ್ನಡದ ನಡುವೆ ಎಲ್ಲೋ ಇಂಗ್ಲಿಷಿನಲ್ಲಿ ವಿಳಾಸ ಇರುತ್ತೆ, ಪರಿವರ್ತಕಕ್ಕೆ ಅದೂ ನುಡಿಯೇ ಅನಿಸಿ, ಇಡೀ ವಿಳಾಸ ಅರೆಬರೆ ಕನ್ನಡ ಅಕ್ಷರಗಳ ಚಿತ್ರಾನ್ನ ಆಗಿರುತ್ತೆ. ಅದು ಯಾವ ಪುಟದಲ್ಲಿ ಇರುತ್ತೆ ಅಂತ ನಿಮಗೆ ನೆನಪಿರುತ್ತೆ, ಹೇಗೆ ತಪ್ಪಿಸೋದು ಅಂತ ಅವಳಿಗೆ ಗೊತ್ತಿರುತ್ತೆ.

ಇನ್ನು ಅವಳ ಕನ್ನಡದ ತಪ್ಪುಗಳು. ಈ ವಿಷಯದಲ್ಲಿ ನಿಮಗೆ ಸ್ವಲ್ಪ ಖಾರವಾಗಿ ಹೇಳಬೇಕು. ‘ತಿದ್ದುವವನು ನಾನೇ’ ಅಂದಿರಿ. ತಿದ್ದಿ ಅವಳಿಗೆ ತೋರಿಸ್ತೀರಾ, ಇಲ್ಲ ಸುಮ್ನೆ ತಿದ್ದಿ, ಸಂಜೆ ಮಾಲೀಕರ ಹತ್ತಿರ ‘ಇವತ್ತೂ ಇಪ್ಪತ್ತು ತಪ್ಪು’ ಅಂತ ಲೆಕ್ಕ ಒಪ್ಪಿಸ್ತೀರಾ? ಎರಡನೇದಾದರೆ, ನೀವು ಕಲಿಯೋಕೆ ಕೂತಾಗ ಅವಳೂ ಅಷ್ಟೇ ಉದಾರವಾಗಿ ಕಲಿಸ್ತಾಳೆ, ತಿಳೀತಲ್ಲ.

ಅವಳಿಗೆ ಗೊತ್ತಿಲ್ಲದ್ದು ಬರೀ ಅಲ್ಪಪ್ರಾಣ ಮಹಾಪ್ರಾಣ ಅಲ್ಲ. ಸಾಲುಗಳ ನಡುವಿನ ಅಂತರವನ್ನೇ ತಗೊಳ್ಳಿ. ಇನ್‌ಡಿಸೈನ್ ತಾನಾಗಿ ಕೊಡೋ ಲೀಡಿಂಗ್ ಅಕ್ಷರದ ಗಾತ್ರಕ್ಕೆ ನೂರಕ್ಕೆ ನೂರಿಪ್ಪತ್ತು. ಹನ್ನೆರಡು ಪಾಯಿಂಟಿಗೆ 14.4. ಇಂಗ್ಲಿಷಿಗೆ ಅದು ಸಾಕು. ನಮ್ಮಲ್ಲಿ ಮೇಲಿನ ಸಾಲಿನಲ್ಲಿ ‘ರಾಷ್ಟ್ರ’ ಬಂದು ಅದರ ಸರಿಯಾಗಿ ಕೆಳಗೆ ‘ಕೀರ್ತಿ’ ಬಂದರೆ, ಮೇಲಿನ ಒತ್ತುಗಳು ಕೆಳಗಿನ ಗುಡಿಸಿನ ತಲೆ ಮೇಲೆ ಕಾಲಿಟ್ಟು ನಿಂತಿರುತ್ತವೆ. ಅವಳ ಪುಟಗಳು ನಿಮಗೆ ಯಾಕೋ ಉಸಿರುಕಟ್ಟಿದ ಹಾಗೆ ಕಾಣ್ತಿದ್ದರೆ ಕಾರಣ ಅದೇ ಇರಬಹುದು. ನೀವು ಕಣ್ಣಲ್ಲೇ ಅಳೆದು 17, 18 ಕೊಡ್ತೀರಿ. ಯಾಕೆ ಅಂತ ಇದುವರೆಗೆ ಯಾರೂ ಕೇಳಿಲ್ಲ, ಹಾಗಾಗಿ ಅದೊಂದು ವಿದ್ಯೆ ಅಂತ ನಿಮಗೇ ಅನಿಸಿರಲ್ಲ. ಹಾಗೇ ಸಾಲಿನ ಕೊನೆಯಲ್ಲಿ ಪದ ಮುರಿಯೋದು. ‘ಮಾಡಿಕೊಳ್ಳಬೇಕಾಗಿದ್ದರಿಂದ’ ಅನ್ನೋ ರೈಲುಗಾಡಿಯನ್ನು ಎಲ್ಲಿ ತುಂಡು ಮಾಡಿದರೆ ಓದುಗ ಎಡವಲ್ಲ ಅನ್ನೋದು ನಿಮಗೆ ಯೋಚಿಸದೆಯೇ ಬರುತ್ತೆ. ಒಂದೇ ಹಾಳೆಯಲ್ಲಿ ಅಚ್ಚಾಗಿ ಮಡಚೋ ಹದಿನಾರು ಪುಟದ ಫಾರಂನಲ್ಲಿ ಎಂಟನೇ ಪುಟದ ಎದುರು ಯಾವುದು ಬರುತ್ತೆ ಅನ್ನೋದೂ ಅಷ್ಟೇ. ಇವನ್ನೆಲ್ಲ ಅವಳಿಗೆ ಹೇಳಿ. ಆದರೆ ಉಪದೇಶದ ಥರ ಬೇಡ. ಅವಳ ಪುಟ ಪರದೆ ಮೇಲಿರುವಾಗ, ಬೆರಳಿಟ್ಟು ತೋರಿಸಿ. ಅಲ್ಲಿ ಮೌಸ್ ಅವಳ ಕೈಯಲ್ಲಿರಲಿ.

ಅವಳಿಂದ ಕಲಿತದ್ದನ್ನು ಅವಳ ಹೆಸರಿನಲ್ಲೇ ಹೇಳಿ, ಅದೂ ಮಾಲೀಕರ ಎದುರಿಗೆ. ‘ಇದು ಅವಳು ತೋರಿಸಿಕೊಟ್ಟಿದ್ದು’ ಅನ್ನೋಕೆ ಮೊದಲ ಸಲ ಗಂಟಲು ಕಟ್ಟುತ್ತೆ. ನನಗೂ ಕಟ್ಟಿತ್ತು. ಎರಡನೇ ಸಲ ಅಷ್ಟಿರಲ್ಲ.

ಕೆಲಸ ಹೋಗುತ್ತಾ ಅಂತ ಕೇಳಿದ್ದೀರಿ. ಸುಳ್ಳು ಹೇಳಲ್ಲ. ಪುಟಕ್ಕೆ ಇಷ್ಟು ಅಂತ ಟೈಪ್ ಮಾಡಿಕೊಡೋ ಕೆಲಸ ಕರಗುತ್ತಾ ಇದೆ. ಬರೆಯೋರು ಮೊಬೈಲಿನಲ್ಲೇ ಯೂನಿಕೋಡಿನಲ್ಲಿ ಬರೆದು ಕಳಿಸ್ತಾರೆ, ಕೆಲವರು ಬಾಯಲ್ಲಿ ಹೇಳಿಯೇ ಟೈಪ್ ಮಾಡಿಸ್ತಾರೆ. ಅಚ್ಚಾದ ಪುಟದ ಫೋಟೋ ಕೊಟ್ಟರೆ ಅಕ್ಷರ ಎತ್ತಿಕೊಡೋ ಸಾಫ್ಟ್‌ವೇರ್ ಕನ್ನಡಕ್ಕೂ ಬಂದಿದೆ. ಹಾಗೆ ಬರೋ ಪಠ್ಯ ಹೇಗಿರುತ್ತೆ ಅಂತ ನೋಡಿದ್ದೀರಲ್ಲ? ‘ಫೇಸ್‌ಬುಕ್’ ಇರಬೇಕಾದ ಕಡೆ ಸ ಗೆ ಬ ಒತ್ತು ಬಿದ್ದು ‘ಫೇಸ್ಬುಕ್’, ‘ರಾಜ್‌ಕುಮಾರ್’ ಇರಬೇಕಾದ ಕಡೆ ‘ರಾಜ್ಕುಮಾರ್’. ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕು, ಆಗ ಬಿಡಿಬಿಡಿಯಾಗಿ ನಿಲ್ಲುತ್ತೆ. ಎಲ್ಲಿ ಹಾಕಬೇಕು ಅನ್ನೋದು ಕನ್ನಡ ಗೊತ್ತಿರೋರ ಕೆಲಸ, ಹೇಗೆ ಹಾಕೋದು ಅನ್ನೋದು ಯೂನಿಕೋಡ್ ಗೊತ್ತಿರೋರ ಕೆಲಸ. ಎರಡೂ ಗೊತ್ತಿರೋರು ಈಗ ಕಮ್ಮಿ. ನಿಮ್ಮಲ್ಲಿ ಒಂದು ಆಗಲೇ ಇದೆ, ಇನ್ನೊಂದನ್ನು ಕಲಿಯೋಕೆ ಮೂರ್ನಾಲ್ಕು ತಿಂಗಳು ಸಾಕು. ಅವಳಿಗೆ ನಿಮ್ಮ ಅರ್ಧ ಬರೋಕೆ ಎಷ್ಟು ವರ್ಷ ಬೇಕು ಅಂತ ನೀವೇ ಲೆಕ್ಕ ಹಾಕಿ. ಮಾಲೀಕರು ಅದನ್ನು ನೋಡ್ತಾರಾ ಅನ್ನೋ ಮಾತು ಬೇರೆ. ಎಲ್ಲರೂ ನೋಡಲ್ಲ.

ಮಾಲೀಕರ ಬಗ್ಗೆ ಒಂದು ಮಾತು. ಎಲ್ಲರೆದುರು ‘ಅವಳ ಹತ್ತಿರ ಕಲಿತುಬಿಡಿ’ ಅಂದಿದ್ದರೆ ಅದು ಅವರ ತಪ್ಪು. ಇಬ್ಬರನ್ನೂ ಇಕ್ಕಟ್ಟಿಗೆ ಸಿಕ್ಕಿಸಿದ್ದಾರೆ. ಆ ಸಿಟ್ಟನ್ನು ಹುಡುಗಿ ಮೇಲೆ ತೀರಿಸಿಕೊಳ್ಳಬೇಡಿ. ಅವಳೇನೂ ಆ ಮಾತು ಆಡಿಸಿಲ್ಲ.

ಕೊನೆಗೆ, ಏನಂತ ಕರೀಬೇಕು ಅಂದಿರಲ್ಲ. ‘ಮೇಡಂ’ ಅನ್ನಬೇಡಿ. 24 ವರ್ಷದ ಹಿರಿಯರು ಏಕಾಏಕಿ ಮೇಡಂ ಅಂದರೆ ಅವಳು ಗಾಬರಿ ಆಗ್ತಾಳೆ, ವ್ಯಂಗ್ಯ ಅಂತಲೇ ತಿಳ್ಕೊಳ್ತಾಳೆ. ‘ಏನಮ್ಮಾ’ದಲ್ಲಿ ತಪ್ಪೇನಿಲ್ಲ, ನಮ್ಮ ಕಡೆ ಅದು ಪ್ರೀತಿಯ ಮಾತೇ. ‘ಬಾ ಇಲ್ಲಿ’ ಮಾತ್ರ ಬಿಡಿ. ನೀವೇ ಎದ್ದು ಅವಳ ಟೇಬಲ್ ಹತ್ತಿರ ಹೋಗಿ. ಗಿರಾಕಿಗಳು, ಲೇಖಕರು ಎದುರಿಗೆ ಇರುವಾಗ ಹೆಸರು ಹಿಡಿದು ಬಹುವಚನದಲ್ಲಿ ಮಾತಾಡಿಸಿ. ಉಳಿದ ಹೊತ್ತಿನಲ್ಲಿ ನಿಮಗೆ ಹೇಗೆ ಸಲೀಸೋ ಹಾಗೆ. ನಮ್ಮಲ್ಲಿ ಆ ಹುಡುಗಿ ಈಗ ಬೇರೆ ಊರಿನಲ್ಲಿ ಸ್ವಂತ ವಿನ್ಯಾಸದ ಅಂಗಡಿ ಇಟ್ಟಿದ್ದಾಳೆ. ಈಗಲೂ ವಾರಕ್ಕೊಂದು ಸಲ ಪುಟ ಕಳಿಸಿ ‘ಸರ್, ಲೀಡಿಂಗ್ ನೋಡಿ’ ಅಂತಾಳೆ. ನಾನು ಫೈಲ್ ಕಳಿಸಿದರೆ ಅವಳಿಂದ ಬರೋ ಮೊದಲ ಉತ್ತರ ಇವತ್ತಿಗೂ ಅದೇ: ‘ಸೊನ್ನೆ ಚೆಕ್ ಮಾಡಿದ್ರಾ?’